ಹನಿಯ ಲೆಕ್ಕ ತಾಳೆಯಾದ ಕಥೆ

ಮಳೆಗಾಲ ಬಂತೆಂದರೆ ಡೊಂಬಿವಲಿ, ಕಲ್ಯಾಣದ ಮಾರುಕಟ್ಟೆಯಲ್ಲಿ ಕೆಸುವಿನ ಎಲೆಯ ಕಟ್ಟುಗಳು ಕಾಣಿಸುತ್ತವೆ. ಇಲ್ಲಿಯವರಿಗೆ ಅಳೂವಡಿ, ನಮ್ಮ ಕರಾವಳಿಯವರಿಗೆ ಪತ್ರೊಡೆ. ಆ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುತ್ತದೆ. ಅದೇ ನೀರು ಶುಭ್ರವಾದ ಗಾಜಿನ ಮೇಲೆ ಹರಡಿಕೊಳ್ಳುತ್ತದೆ. ಯಾಕೆ ಹೀಗೆ?

ಇದರ ಲೆಕ್ಕ ಹಾಕಿಕೊಟ್ಟವರು ಲಂಡನ್ನಿನ ವೈದ್ಯ ಥಾಮಸ್ ಯಂಗ್. ಹನಿಯ ಅಂಚಿನಲ್ಲಿ ಗಾಳಿ, ನೀರು, ಘನವಸ್ತು ಮೂರೂ ಕೂಡುತ್ತವೆ. ಅಲ್ಲಿನ ಸೆಳೆತಗಳು ಸರಿದೂಗಿದಾಗ ಹನಿ ಒಂದು ನಿಶ್ಚಿತ ಕೋನದಲ್ಲಿ ನಿಲ್ಲುತ್ತದೆ ಎಂದು ಅವರು 1805ರ ಪ್ರಬಂಧದಲ್ಲಿ ತೋರಿಸಿದರು.

ಆದರೆ ಈ ಲೆಕ್ಕ ತಾಳೆಯಾಗುವುದು ಅಡ್ಡ ಸೆಳೆತಗಳಿಗೆ ಮಾತ್ರ. ಹನಿ ತನ್ನ ಅಂಚಿನಲ್ಲಿ ನೆಲವನ್ನು ಮೇಲಕ್ಕೂ ಜಗ್ಗುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಆ ಡೆಬಿಟ್ಟಿಗೆ ಎದುರು ಕ್ರೆಡಿಟ್ ನಮೂದೇ ಇಲ್ಲ!

ತಮಾಷೆಯೆಂದರೆ, ಅದಕ್ಕೆ ಬೇಕಾದ ಇನ್ನೊಂದು ಪುಟವನ್ನೂ ಯಂಗ್ ಅವರೇ ಬರೆದಿದ್ದರು. ವಸ್ತುವೊಂದು ಎಷ್ಟು ಗಡುಸು ಎಂದು ಅಳೆಯುವ 'ಯಂಗ್ಸ್ ಮಾಡ್ಯುಲಸ್' ಬಂದದ್ದು 1807ರಲ್ಲಿ ಅಚ್ಚಾದ ಅವರ ಉಪನ್ಯಾಸಗಳಿಂದ. ನೀರಿನ ಮೇಲ್ಮೈ ಸೆಳೆತವನ್ನು ಈ ಗಡಸುತನದಿಂದ ಭಾಗಿಸಿದರೆ, ನೆಲ ಎಷ್ಟು ಮೇಲೇಳಬಹುದು ಎಂಬ ಅಂದಾಜು ಸಿಗುತ್ತದೆ. ಗಾಜಿನಲ್ಲಿ ಅದು ಅಣುವಿನ ಗಾತ್ರಕ್ಕಿಂತಲೂ ಎಷ್ಟೋ ಕಡಿಮೆ. ಹಾಗಾಗಿ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲಿಲ್ಲ. ಸಾಮಾನ್ಯ ರಬ್ಬರಿನಲ್ಲಿ ಕೂದಲಿನ ದಪ್ಪದ ಸಾವಿರದ ಒಂದು ಪಾಲು. ಜೆಲ್ಲಿಯಂಥ ಮೆತ್ತನೆಯ ಸಿಲಿಕೋನಿನಲ್ಲಾದರೆ ಕೂದಲಿನ ದಪ್ಪದ ಮೂರನೇ ಒಂದು ಪಾಲಿನಷ್ಟು! ಹನಿಯ ಸುತ್ತ ಗದ್ದೆಯ ಬದುವಿನಂತೆ ಏರಿ ಏಳುತ್ತದೆ, ಹನಿಯ ಕೆಳಗೆ ತಗ್ಗು ಬೀಳುತ್ತದೆ.

ಈ ಬದು ಸುಮ್ಮನೆ ಕೂರುವುದಿಲ್ಲ. ಹನಿ ಹರಡುವಾಗ ಅದೂ ಜೊತೆಗೆ ಸರಿಯಬೇಕು, ಅದಕ್ಕೆ ಶಕ್ತಿ ಖರ್ಚಾಗುತ್ತದೆ. ಹಾಗಾಗಿ ಮೆತ್ತನೆಯ ರಬ್ಬರಿನ ಮೇಲೆ ಹನಿ ತಡೆದು ತಡೆದು ಹರಡುತ್ತದೆ ಎಂದು ಕಾರೆ, ಗಾಸ್ಟೆಲ್ ಮತ್ತು ಶಾನಹನ್ 1996ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಬದುವಿನ ಆಕಾರವನ್ನು ಅಮೆರಿಕದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಕರಾರುವಾಕ್ಕಾಗಿ ಅಳೆದು 2011 ಮತ್ತು 2013ರಲ್ಲಿ ಪ್ರಕಟಿಸಿದರು. ಬದುವಿನ ತುದಿಯಲ್ಲಿ ಮೇಲಿನ ಸೆಳೆತವೂ ಕೆಳಗಿನ ಸೆಳೆತವೂ ಸರಿದೂಗಿದ್ದವು.

ಒಬ್ಬರೇ ಎರಡು ವರ್ಷಗಳ ಅಂತರದಲ್ಲಿ ಬರೆದ ಎರಡು ಪುಟಗಳು ಹೀಗೆ ಕಣ್ಣೆದುರೇ ಕೂಡಲು ಇನ್ನೂರು ವರ್ಷ ಬೇಕಾಯಿತು. ಗಟ್ಟಿ ವಸ್ತುಗಳನ್ನೇ ನೋಡುತ್ತಿದ್ದಷ್ಟು ಕಾಲ ಆ ಬಾಕಿ ಯಾರನ್ನೂ ಕಾಡಲಿಲ್ಲ. ಕಣ್ಣಿನ ಮೆತ್ತನೆಯ ಲೆನ್ಸು, ಅಂಟು, ನಮ್ಮ ಮೈಯ ಮಾಂಸದಂಥವನ್ನು ಅರಿಯಲು ಹೊರಟಾಗ ಮಾತ್ರ ಅದನ್ನು ಬದಿಗಿಡಲು ಆಗಲಿಲ್ಲ. ಚಿಲ್ಲರೆ ವ್ಯತ್ಯಾಸವೆಂದು ಬಿಟ್ಟದ್ದು ಇನ್ನೊಂದು ಖಾತೆಯಲ್ಲಿ ದೊಡ್ಡ ಮೊತ್ತವಾಗಿ ಕೂತಿರುತ್ತದೆ.