ಘನವೋ ದ್ರವವೋ? ಕಾಲವನ್ನು ಕೇಳಿ

ಡಾಂಬರಿನ ಜಾತಿಯ ಪಿಚ್ ಎಂಬ ವಸ್ತುವನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುತ್ತದೆ. ಅದನ್ನು ಘನ ಎನ್ನುವಿರಾ? ಸ್ವಲ್ಪ ತಾಳಿ. 1927ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಥಾಮಸ್ ಪಾರ್ನೆಲ್ ಪಿಚ್ಚನ್ನು ಕಾಯಿಸಿ ಆಲಿಕೆಗೆ ತುಂಬಿದರು. 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಮೊದಲ ಹನಿ ಬಿದ್ದದ್ದು 1938ರಲ್ಲಿ, ಒಂಬತ್ತನೆಯದು 2014ರಲ್ಲಿ! ಹಾಗಾದರೆ ಪಿಚ್ ದ್ರವವೇ?

ನಮ್ಮ ಪಠ್ಯಪುಸ್ತಕಗಳಲ್ಲಿ ಎರಡು ನಿಯಮಗಳಿವೆ. ಘನವಸ್ತುವಿನಲ್ಲಿ ಪೀಡನವು ವಿರೂಪಕ್ಕೆ ಅನುಗುಣ ಎಂಬುದು ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದ ಸಾರ. ದ್ರವದಲ್ಲಿ ಅದು ಪದರಗಳ ಸಾಪೇಕ್ಷ ವೇಗಕ್ಕೆ ಅನುಗುಣ ಎಂಬುದು 1687ರಲ್ಲಿ ನ್ಯೂಟನ್ ಮಂಡಿಸಿದ ಊಹೆ. 1835ರಲ್ಲಿ ಜರ್ಮನಿಯ ವಿಲ್ಹೆಲ್ಮ್ ವೇಬರ್ ರೇಷ್ಮೆ ಎಳೆಗಳನ್ನು ಪರೀಕ್ಷಿಸಿದಾಗ ತೊಡಕು ಎದುರಾಯಿತು. ಭಾರ ತೆಗೆದೊಡನೆ ಎಳೆ ಅಷ್ಟಿಷ್ಟು ಕುಗ್ಗುತ್ತಿತ್ತು, ಉಳಿದದ್ದು ನಿಧಾನವಾಗಿ. ಇದು ಯಾವ ನಿಯಮಕ್ಕೂ ಪೂರ್ತಿ ಒಗ್ಗಲಿಲ್ಲ.

1867ರಲ್ಲಿ ಮ್ಯಾಕ್ಸ್‌ವೆಲ್ ಎರಡನ್ನೂ ಬೆಸೆದರು. ವಸ್ತುವನ್ನು ವಿರೂಪಗೊಳಿಸಿ ಹಾಗೆಯೇ ಹಿಡಿದಿಟ್ಟರೆ ಪೀಡನ ಕ್ರಮೇಣ ಕರಗುತ್ತದೆ. ಅದು ಸುಮಾರು ಶೇ. 37ಕ್ಕೆ ಇಳಿಯಲು ಬೇಕಾದ ಅವಧಿಯೇ ವಿಶ್ರಾಂತಿ ಕಾಲ. ಸ್ನಿಗ್ಧತೆಯನ್ನು ದೃಢತಾ ಗುಣಾಂಕದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಪಿಚ್ಚಿನ ಸ್ನಿಗ್ಧತೆ ಸುಮಾರು 23 ಕೋಟಿ ಪಾಸ್ಕಲ್-ಸೆಕೆಂಡ್. ಗುಣಾಂಕ 100 ಕೋಟಿ ಪಾಸ್ಕಲ್ ಎಂದಿಟ್ಟುಕೊಳ್ಳಿ. ವಿಶ್ರಾಂತಿ ಕಾಲ 0.23 ಸೆಕೆಂಡ್. ಸುತ್ತಿಗೆಯ ಏಟು ಇದಕ್ಕಿಂತ ಬಹಳ ಬೇಗ ಮುಗಿಯುತ್ತದೆ, ಆದ್ದರಿಂದ ಪಿಚ್ ಒಡೆಯುತ್ತದೆ. ಆಲಿಕೆಗೆ ವರ್ಷಗಳ ಬಿಡುವಿದೆ, ಆದ್ದರಿಂದ ಹರಿಯುತ್ತದೆ. ನೀರಿನ ವಿಶ್ರಾಂತಿ ಕಾಲವಾದರೋ ಸೆಕೆಂಡಿನ ಲಕ್ಷಕೋಟಿಯ ಒಂದು ಭಾಗದ ಆಸುಪಾಸು.

ದ್ರವಗಳಿಗೂ ದೃಢತೆ ಇದೆಯೆಂಬುದಕ್ಕೆ ಬೆಂಗಳೂರಿನಲ್ಲೇ ಸುಳಿವು ಸಿಕ್ಕಿತು. 1939ರಲ್ಲಿ ಸಿ. ವಿ. ರಾಮನ್ ಮತ್ತು ಸಿ. ಎಸ್. ವೆಂಕಟೇಶ್ವರನ್ ಬೆಳಕಿನ ಚದರಿಕೆಯ ಮೂಲಕ ಗ್ಲಿಸರಿನ್ನಿನಲ್ಲಿ ಅತ್ಯುಚ್ಚ ಆವರ್ತನದ ಶಬ್ದತರಂಗಗಳನ್ನು ಪರಿಶೀಲಿಸಿದರು. ಅವು ಸಾಮಾನ್ಯ ಶ್ರವಣಾತೀತ ತರಂಗಗಳಿಗಿಂತ ವೇಗವಾಗಿ ಚಲಿಸುತ್ತಿದ್ದವು. ಅಷ್ಟು ಕ್ಷಿಪ್ರ ಕಂಪನಕ್ಕೆ ದ್ರವವೂ ಘನದಂತೆ ಸೆಟೆದುಕೊಳ್ಳುತ್ತದೆ!

ಹೊರಗಿನ ಬಲವೇ ಇಲ್ಲದಿದ್ದರೆ? ನಿಶ್ಚಲವಾಗಿ ಕಾಣುವ ದ್ರವದಲ್ಲೂ ಅಣುಗಳ ನೂಕುನುಗ್ಗಲಿನಿಂದ ಪೀಡನ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಒಂದು ಏರಿಳಿತದ ಗುರುತು ಎಷ್ಟು ಹೊತ್ತು ಉಳಿಯುತ್ತದೆಂದು ಲೆಕ್ಕಹಾಕಿದರೆ ಸ್ನಿಗ್ಧತೆ ತಿಳಿಯುತ್ತದೆಂದು ಮೆಲ್ವಿಲ್ ಗ್ರೀನ್ (1954) ಮತ್ತು ರಿಯೋಗೊ ಕುಬೊ (1957) ತೋರಿಸಿದರು. ಇಂದು ಕಂಪ್ಯೂಟರಿನಲ್ಲಿ ಸ್ನಿಗ್ಧತೆಯನ್ನು ಲೆಕ್ಕಹಾಕುವ ಒಂದು ಮುಖ್ಯ ವಿಧಾನ ಇದು.

ಹಳೆಯ ಚರ್ಚುಗಳ ಕಿಟಕಿಗಾಜು ಶತಮಾನಗಳಲ್ಲಿ ಹರಿದು ಬುಡದಲ್ಲಿ ದಪ್ಪವಾಗಿದೆ ಎಂಬ ಮಾತನ್ನು ನೀವು ಕೇಳಿರಬಹುದು, ತರಗತಿಯಲ್ಲಿ ಹೇಳಿರಲೂಬಹುದು. ಅದು ಸರಿಯಲ್ಲ. ವೆಸ್ಟ್‌ಮಿನ್‌ಸ್ಟರ್ ಅಬೆಯ ಮಧ್ಯಯುಗದ ಗಾಜಿನ ಸಂಯೋಜನೆಯನ್ನು ಕುರಿತ 2017ರ ಅಧ್ಯಯನದ ಪ್ರಕಾರ, ಅಂಥ ಗಾಜು ನೂರು ಕೋಟಿ ವರ್ಷಗಳಲ್ಲಿ ಹರಿಯುವುದು ಹೆಚ್ಚೆಂದರೆ ಒಂದು ನ್ಯಾನೊಮೀಟರ್. ದಪ್ಪದ ವ್ಯತ್ಯಾಸ ಅಂದಿನ ತಯಾರಿಕೆಯ ಫಲ. ಮುಂದೆ ಯಾರಾದರೂ ‘ಇದು ಘನವೋ ದ್ರವವೋ’ ಎಂದರೆ, ‘ಎಷ್ಟು ಹೊತ್ತು ಕಾಯುತ್ತೀರಿ?’ ಎಂದು ಮೊದಲು ಕೇಳಿ.