ನೀರಿನ ಜಾಡಿನಲ್ಲಿ ಮೂರು ನಡಿಗೆ



ಇತಿಹಾಸವನ್ನು ಪುಸ್ತಕದಲ್ಲಿ ಓದುತ್ತೇವೆ, ಪರದೆಯ ಮೇಲೆ ನೋಡುತ್ತೇವೆ. ಆದರೆ ಕಾಲಿಗೆ ಮಾತ್ರ ತಿಳಿಯುವ ಇತಿಹಾಸವೂ ಒಂದಿದೆ. ಬೆಟ್ಟದ ಮೇಲಿನ ಕಲ್ಲನ್ನು ಕ್ಯಾಮೆರಾ ತೋರಿಸಬಲ್ಲದು. ಅದನ್ನು ತಲುಪುವಷ್ಟರಲ್ಲಿ ಆಗುವ ಬಾಯಾರಿಕೆಯನ್ನು ತೋರಿಸಲಾರದು. ಕೊಪ್ಪಳ ಜಿಲ್ಲೆಯ ಇತಿಹಾಸ ಅರ್ಥವಾಗಬೇಕಾದರೆ ಈ ಬಾಯಾರಿಕೆಯಿಂದಲೇ ಆರಂಭಿಸಬೇಕು. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ ಬೀಳುವ ಈ ಸೀಮೆಯಲ್ಲಿ ಜನ ನೀರನ್ನು ಹೇಗೆ ಪಡೆದರು? ಗಂಗಾವತಿ ಸಮೀಪದ ಶ್ರೀರಾಮನಗರವನ್ನು ನೆಲೆಯಾಗಿಟ್ಟುಕೊಂಡು ಬೇರೆ ಬೇರೆ ದಿನ ಮೂರು ನಡಿಗೆ ಮಾಡಿದರೆ ಉತ್ತರ ತಾನಾಗಿಯೇ ಕಾಣುತ್ತದೆ.

ಮೊದಲನೆಯದು ಹಿರೇಬೆಣಕಲ್ ಬೆಟ್ಟ. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ಊರು, ಅಲ್ಲಿಂದ ಬಂಡೆಗಳ ನಡುವೆ ಕಾಲುದಾರಿ. ಮೇಲೆ ಎರಡು ಸಾವಿರ ವರ್ಷಗಳಿಗಿಂತ ಹಳೆಯದಾದ ಸುಮಾರು 400 ಬೃಹತ್ ಶಿಲಾ ಸ್ಮಾರಕಗಳಿವೆ. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದನ್ನು ಹೊದಿಸಿ ಕಟ್ಟಿದ ಇವುಗಳಲ್ಲಿ ಕೆಲವು ಆಳೆತ್ತರವನ್ನು ಮೀರಿವೆ. ಹಲವುಗಳ ಗೋಡೆಯಲ್ಲಿ ದುಂಡನೆಯ ಕಂಡಿ ಕೊರೆದಿದೆ. ಜನ ಇವನ್ನು ಮೊರೇರ ಮನೆಗಳು ಎನ್ನುತ್ತಾರೆ. ವಿದ್ವಾಂಸರು ಸತ್ತವರ ನೆನಪಿನ ಕಟ್ಟಡಗಳೆಂದು ಗುರುತಿಸುತ್ತಾರೆ.

ಇಷ್ಟು ದೊಡ್ಡ ಚಪ್ಪಡಿಗಳು ಎಲ್ಲಿಂದ ಬಂದವು? ಇಲ್ಲಿಯ ಕಲ್ಲು ಗ್ರಾನೈಟ್. ಭೂಮಿಯ ಆಳದಲ್ಲಿ ಗಟ್ಟಿಯಾದದ್ದು. ಮೇಲಿನ ಮಣ್ಣು, ಕಲ್ಲು ಸವೆದು ಹೊರೆ ಇಳಿದಾಗ ಬಂಡೆ ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿರಿಯುತ್ತದೆ. ಆ ಪದರಗಳನ್ನೇ ಅಂದಿನವರು ಎಬ್ಬಿಸಿ ನಿಲ್ಲಿಸಿದರು. ಸ್ಮಾರಕಗಳ ನಡುವೆ ಒಂದು ಕೆರೆಯಿದೆ. ಅದು ಕಲ್ಲು ತೆಗೆದ ಜಾಗವೂ ಹೌದು. ಸತ್ತವರಿಗೆ ಮನೆಯಾದ ಕಲ್ಲಿನ ಜಾಗದಲ್ಲಿ ಬದುಕಿರುವವರಿಗೆ ನೀರು ನಿಂತಿತು. ಈ ತಾಣ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಹಾಗಿದ್ದರೂ ಇಲ್ಲಿ ಉರುಳಿದ, ಒಡೆದ ಚಪ್ಪಡಿಗಳು ಕಡಿಮೆಯೇನಿಲ್ಲ.

ಎರಡನೆಯ ನಡಿಗೆ ಆನೆಗೊಂದಿಯ ಕಡೆಗೆ. ಇಲ್ಲಿ ಕೋಟೆಯ ಬಾಗಿಲು, ಗಗನಮಹಲು, ಹುಚ್ಚಪ್ಪಯ್ಯನ ಮಠ ಎಲ್ಲವನ್ನೂ ನೋಡಿ. ಆಮೇಲೆ ಕಾಲುವೆಯ ಪಕ್ಕ ಸ್ವಲ್ಪ ದೂರ ನಡೆಯಿರಿ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಗೆ ಅಲ್ಲಲ್ಲಿ ತಗ್ಗಾದ ಅಣೆಗಳನ್ನು ಹಾಕಿದರು. ನದಿಯ ಬಂಡೆಗಳ ನಡುವೆ ಕಲ್ಲು ಜೋಡಿಸಿ ನೀರಿನ ಮಟ್ಟವನ್ನಷ್ಟೇ ಏರಿಸಿ, ನೆಲದ ಇಳಿಜಾರನ್ನು ಅನುಸರಿಸಿ ಹೊಲಗಳಿಗೆ ಹರಿಸಿದರು. ಪಂಪಿಲ್ಲ, ವಿದ್ಯುತ್ತಿಲ್ಲ. ಆನೆಗೊಂದಿ ಕಾಲುವೆ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು ಇದೇ ಪರಂಪರೆಯವು. ಅರಮನೆ ಹಾಳಾಯಿತು, ಕಾಲುವೆ ಉಳಿಯಿತು.

ಮೂರನೆಯ ನಡಿಗೆಗೆ ಬೆಟ್ಟವಿಲ್ಲ, ಕೋಟೆಯಿಲ್ಲ. ಶ್ರೀರಾಮನಗರದ ಗದ್ದೆಬದುಗಳ ಮೇಲೆ ನಡೆದರೆ ಸಾಕು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಗಿ, 1953ರಲ್ಲಿ ನೀರು ಬಿಡಲಾಯಿತು. ಎಡದಂಡೆ ಕಾಲುವೆಯ ಉದ್ದ 227 ಕಿ.ಮೀ. ಭತ್ತದ ಬೇಸಾಯ ಬಲ್ಲ ಆಂಧ್ರ ಕರಾವಳಿಯ ರೈತರು ಇಲ್ಲಿ ಜಮೀನು ಕೊಂಡು ನೆಲೆಸಿದರು. ಆ ವಸತಿಗಳಿಗೆ ಕ್ಯಾಂಪ್ ಎಂಬ ಹೆಸರು ನಿಂತಿತು. ಜೋಳದ ಸೀಮೆ ಭತ್ತದ ಸೀಮೆಯಾಯಿತು.

ಹಸಿರನ್ನು ನೋಡಿ ಸಂತೋಷಪಡುವುದು ಸರಿಯೇ. ಆದರೆ ಈ ಕಾಲುವೆಯ ಮೂಲ ಯೋಜನೆ ಬೇರೆಯಿತ್ತು. ನೀರನ್ನು ತೆಳುವಾಗಿ ಹಂಚಿ, ಹೆಚ್ಚು ಹಳ್ಳಿಗಳಲ್ಲಿ ಜೋಳ, ಹತ್ತಿಯಂತಹ ಬೆಳೆಗಳನ್ನು ಬರದಿಂದ ಕಾಪಾಡುವುದು ಅದರ ಉದ್ದೇಶವಾಗಿತ್ತು. ಮೇಲ್ಭಾಗದಲ್ಲಿ ಭತ್ತ ಹರಡಿದಂತೆ ರಾಯಚೂರು ಜಿಲ್ಲೆಯ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪುವುದು ಕಷ್ಟವಾಯಿತು. ಜೊತೆಗೆ ಹೂಳು ತುಂಬಿ, 133 ಟಿ.ಎಂ.ಸಿ.ಯ ಜಲಾಶಯ ಈಗ ಸುಮಾರು 105 ಟಿ.ಎಂ.ಸಿ. ನೀರನ್ನಷ್ಟೇ ಹಿಡಿಯುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ, ಒಂದು ಸರಪಳಿ ತುಂಡಾದರೆ ಎಷ್ಟು ಊರುಗಳ ಬೆಳೆ ಅಲುಗಾಡುತ್ತದೆಂದು ಎಲ್ಲರೂ ಕಂಡರು.

ಬೆಟ್ಟದ ಕೆರೆ ಒಂದು ಸಣ್ಣ ಸಮುದಾಯದ್ದು. ಅರಸರ ಕಾಲುವೆ ಒಂದು ಬಯಲಿನದ್ದು. ಇಂದಿನ ಕಾಲುವೆ ಜಿಲ್ಲೆಗಳನ್ನು ದಾಟುವಂಥದ್ದು. ನೀರು ದೂರ ಹರಿದಷ್ಟೂ, ಕೊನೆಯಲ್ಲಿರುವವರು ಮೊದಲಿನವರ ಕಣ್ಣಿಗೆ ಬೀಳುವುದಿಲ್ಲ. ಈ ಮೂರು ನಡಿಗೆಗಳಿಂದ ನಾವು ಕಲಿಯಬೇಕಾದ ಇತಿಹಾಸದ ಪಾಠ ಇದೇ.

ನೀವೂ ಹೊರಡಿ. ಅಧ್ಯಾಪಕರು, ಊರಿನ ಹಿರಿಯರು ಜೊತೆಗಿರಲಿ. ಬೇಸಿಗೆ ಬೇಡ, ಕುಡಿಯುವ ನೀರು ಮರೆಯಬೇಡಿ. ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ, ಚಪ್ಪಡಿಗಳನ್ನು ಏರಬೇಡಿ. ಕ್ಯಾಂಪಿನ ಅಜ್ಜ ಅಜ್ಜಿಯರನ್ನು ಮೊದಲ ಬೆಳೆಯ ವರ್ಷದ ಬಗ್ಗೆ ಕೇಳಿ; ಅದಕ್ಕೂ ಮೊದಲು ಆ ಹೊಲದಲ್ಲಿ ಜೋಳ ಬೆಳೆದವರ ಮನೆಯಲ್ಲೂ ಕೇಳಿ. ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಿಮ್ಮೂರಿನ ನಕ್ಷೆ ಬರೆದು, ನೀರು ಬರುವ ದಿಕ್ಕಿಗೊಂದು ಬಾಣದ ಗುರುತು ಹಾಕಿ. ಆಮೇಲೆ ಅದು ಹೋಗುವ ದಿಕ್ಕಿಗೂ ಒಂದು ಹಾಕಿ.