ಕೇಪ್‌ಟೌನ್‌ನಿಂದ ಕಲ್ಯಾಣ್ ಕ್ಯಾಂಪ್‌ವರೆಗೆ: ಕುಟುಂಬದ ವೀಸಾಗೆ ‘ಇಲ್ಲ’ ಅಂದ ಕಥೆ

ವಿಡಿಯೊ ನೋಡಲು ಪುರುಸೊತ್ತಿಲ್ಲದವರಿಗೆ, ಲೋಕಲ್‌ನಲ್ಲಿ ನಿಂತುಕೊಂಡೇ ಓದುವವರಿಗೆ ಈ ವಾರದ ಮಾತಿನ ಬರಹರೂಪ ಇಲ್ಲಿದೆ.

ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಧಾರವಾಡ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಐರೋಲಿಯಲ್ಲಿ ಕೆಲಸ. ಮದುವೆಯಾಗಿ ಒಂದೂವರೆ ವರ್ಷ, ಗಂಡ ಹೊರದೇಶದಲ್ಲಿ. ಯಾವ ದೇಶ ಅಂತ ಬೇಡ. ಒಂದು ಬೆಳಿಗ್ಗೆ ಠಾಣೆಯಲ್ಲಿ ಟ್ರಾನ್ಸ್-ಹಾರ್ಬರ್ ಗಾಡಿಗೆ ಕಾಯುವಾಗ ಬ್ಯಾಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೊಟ್ಟಳು. ವೀಸಾ ನಿರಾಕರಣೆ ಪತ್ರ. ಕಾರಣ ಅಂತ ಇದ್ದದ್ದು ಕಾನೂನಿನ ಒಂದು ಕಲಂ ನಂಬರ್ ಮಾತ್ರ.

“ಅಣ್ಣಾರ, ಇದಕ್ಕ ಕೋರ್ಟ್‌ನ್ಯಾಗ ಕೇಳಾಕ ಬರಂಗಿಲ್ಲೇನ್ರಿ? ನಮ್ಮ ಮದುವಿನೇ ಸುಳ್ಳು ಅಂದಂಗಾತಲ್ರಿ ಇದು” ಅಂದಳು.

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಗಾಡಿ ಬಂತು, ಹತ್ತಿದಳು. ಅವಳು ಕೇಳಿದ್ದು ಎರಡು ಪ್ರಶ್ನೆ. ಕೋರ್ಟಿಗೆ ಹೋಗಬಹುದಾ? ನಮ್ಮ ಮದುವೆ ಸುಳ್ಳು ಅಂತಾನಾ ಇದರ ಅರ್ಥ? ಇವೆರಡನ್ನೂ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ನಮ್ಮವರು ಕೇಳಿದ್ದಾರೆ. ಅಲ್ಲಿಂದಲೇ ಶುರು ಮಾಡೋಣ.

1913: ಮದುವೆಯೇ ಅಲ್ಲ ಅಂದ ತೀರ್ಪು

ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್‌ನಲ್ಲಿ ನೆಲೆಸಿದ್ದ ಹಸನ್ ಈಸೋಪ್ ಅನ್ನುವವರು ಭಾರತಕ್ಕೆ ಬಂದು ಬಾಯಿ ಮರಿಯಂ ಅವರನ್ನು ಮದುವೆಯಾಗಿ, ಹೆಂಡತಿಯನ್ನು ಕರೆದುಕೊಂಡು ವಾಪಸ್ ಹೋದರು. ಅಲ್ಲಿ ನೆಲೆಸಿದವರ ಹೆಂಡತಿಗೆ ಒಳಗೆ ಬರಲು ಅವಕಾಶವಿತ್ತು. ಆದರೂ ಅಧಿಕಾರಿಗಳು ಮರಿಯಂ ಅವರನ್ನು ಬಿಡಲಿಲ್ಲ. ಕೇಸು ಕೇಪ್‌ನ ಸುಪ್ರೀಂ ಕೋರ್ಟಿಗೆ ಹೋಯಿತು. 1913ರ ಮಾರ್ಚ್ 14ರಂದು ನ್ಯಾಯಮೂರ್ತಿ ಸರ್ಲ್ ತೀರ್ಪು ಕೊಟ್ಟರು. ಒಂದಕ್ಕಿಂತ ಹೆಚ್ಚು ಮದುವೆಗೆ ಅವಕಾಶ ಕೊಡುವ ಧರ್ಮದ ವಿಧಿಯಂತೆ ಆದ ಮದುವೆಯನ್ನು ಈ ದೇಶದ ಕಾನೂನು ಮದುವೆ ಅಂತ ಒಪ್ಪುವುದಿಲ್ಲ, ಹಾಗಾಗಿ ಈಕೆ ಕಾನೂನಿನ ಕಣ್ಣಲ್ಲಿ ಹೆಂಡತಿ ಅಲ್ಲ.

ಗಮನಿಸಿ, ಈಸೋಪ್ ಅವರಿಗೆ ಇದ್ದದ್ದು ಒಬ್ಬಳೇ ಹೆಂಡತಿ. ಮದುವೆ ನಿಜವೋ ಸುಳ್ಳೋ ಅನ್ನುವ ಪ್ರಶ್ನೆಯೇ ಏಳಲಿಲ್ಲ. ಕೋರ್ಟ್ ನೋಡಿದ್ದು ಆ ಮದುವೆ ಯಾವ ಖಾನೆಗೆ ಸೇರುತ್ತೆ ಅಂತ ಮಾತ್ರ. ಒಂದೇ ತೀರ್ಪಿನಿಂದ ಅಲ್ಲಿದ್ದ ಹೆಚ್ಚುಕಡಿಮೆ ಎಲ್ಲ ಭಾರತೀಯರ ಮದುವೆಗಳೂ ಪ್ರಶ್ನೆಗೊಳಗಾದವು. ಕಸ್ತೂರಬಾ ಅವರದ್ದೂ ಸೇರಿ.

ಮುಂದೆ ಆದದ್ದು ಕೋರ್ಟಿನ ಹೊರಗೆ. ಅದೇ ಸೆಪ್ಟೆಂಬರ್‌ನಲ್ಲಿ ಫೀನಿಕ್ಸ್ ಆಶ್ರಮದಿಂದ 16 ಜನರ ಮೊದಲ ತಂಡ ಪರವಾನಗಿ ಇಲ್ಲದೆ ಟ್ರಾನ್ಸ್‌ವಾಲ್ ಗಡಿಗೆ ಹೋಯಿತು. ಅದರಲ್ಲಿ ಕಸ್ತೂರಬಾ ಸೇರಿ ನಾಲ್ವರು ಹೆಂಗಸರಿದ್ದರು. ಬಂಧನ, ಮೂರು ತಿಂಗಳ ಕಠಿಣ ಶಿಕ್ಷೆ. ಇನ್ನೊಂದು ಕಡೆ ಟಾಲ್‌ಸ್ಟಾಯ್ ಫಾರ್ಮ್‌ನ ಹೆಂಗಸರು ನ್ಯೂಕಾಸಲ್‌ನ ಕಲ್ಲಿದ್ದಲು ಗಣಿಗಳಿಗೆ ಹೋಗಿ, 3 ಪೌಂಡ್ ತಲೆಗಂದಾಯದ ವಿರುದ್ಧ ಮುಷ್ಕರ ಹೂಡಲು ಕಾರ್ಮಿಕರನ್ನು ಒಪ್ಪಿಸಿದರು. ನವೆಂಬರ್ 6ರಂದು ಹೊರಟ ಮಹಾಯಾತ್ರೆಯಲ್ಲಿ 2,037 ಗಂಡಸರು, 127 ಹೆಂಗಸರು, 57 ಮಕ್ಕಳು. ಜೈಲಿನಲ್ಲಿ ಜ್ವರ ಹಿಡಿದ ವಳ್ಳಿಯಮ್ಮ ಬಿಡುಗಡೆಯಾದ ಕೆಲವೇ ದಿನಕ್ಕೆ, 1914ರ ಫೆಬ್ರವರಿ 22ರಂದು ತೀರಿಕೊಂಡಳು. ವಯಸ್ಸು 16.

1914ರಲ್ಲಿ ಇಂಡಿಯನ್ ರಿಲೀಫ್ ಆಕ್ಟ್ ಬಂತು. ತಲೆಗಂದಾಯ ಹೋಯಿತು. ಒಬ್ಬ ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಒಳಗೆ ಬರಲು ದಾರಿಯಾಯಿತು. ಅಂದರೆ ಸರ್ಲ್ ತೀರ್ಪನ್ನು ಬದಲಿಸಿದ್ದು ಮೇಲಿನ ಕೋರ್ಟ್ ಅಲ್ಲ, ಹೊಸ ಕಾನೂನು.

1948: ನಮ್ಮ ಪಕ್ಕದ ಸ್ಟೇಷನ್

“ಹೊರದೇಶದವರು ನಮಗೆ ಹೀಗೆ ಮಾಡ್ತಾರೆ” ಅನ್ನುವುದು ಸುಲಭ. ಆದರೆ ನಮ್ಮ ದೇಶವೂ ಒಂದು ಕಾಲದಲ್ಲಿ ಆ ಕಿಟಕಿಯ ಒಳಗೆ ಕೂತಿತ್ತು.

ಡೊಂಬಿವಲಿಯಿಂದ ಠಾಕುರ್ಲಿ, ಕಲ್ಯಾಣ್, ವಿಠ್ಠಲವಾಡಿ, ಆಮೇಲೆ ಉಲ್ಲಾಸನಗರ. ಅಲ್ಲಿ ಇವತ್ತಿಗೂ ವಿಳಾಸ ಹೇಳುವುದು ಕ್ಯಾಂಪ್ ನಂಬರ್‌ನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಕಟ್ಟಿದ್ದ ಬ್ಯಾರಕ್‌ಗಳಿಗೆ ವಿಭಜನೆಯ ನಂತರ ಸಿಂಧ್‌ನಿಂದ ಬಂದ ನಿರಾಶ್ರಿತರನ್ನು ತಂದು ಇಳಿಸಿದರು. ಅದಕ್ಕೆ ಕಲ್ಯಾಣ್ ಕ್ಯಾಂಪ್ ಅನ್ನುತ್ತಿದ್ದರು. 1949ರಲ್ಲಿ ಉಲ್ಲಾಸನಗರ ಅಂತ ಹೆಸರಾಯಿತು.

ಅದೇ ಹೊತ್ತಿಗೆ ಇನ್ನೊಂದು ಸಾಲೂ ನಿಂತಿತ್ತು. ಗಲಭೆಗೆ ಹೆದರಿ ಪಾಕಿಸ್ತಾನಕ್ಕೆ ಹೋಗಿ, ಈಗ ಮನೆಗೆ ಮರಳಬೇಕು ಅನ್ನುವ ಮುಸ್ಲಿಂ ಕುಟುಂಬಗಳು. ಅಣ್ಣ ಆ ಕಡೆ, ಅಮ್ಮ ಈ ಕಡೆ. ಅವರು ಬಿಟ್ಟುಹೋದ ಮನೆಗಳಲ್ಲಿ ಎಷ್ಟೋ ಕಡೆ ಆಗಲೇ ನಿರಾಶ್ರಿತರನ್ನು ಕೂರಿಸಿಯಾಗಿತ್ತು. 1948ರ ಜುಲೈನಲ್ಲಿ ಭಾರತ ಪರ್ಮಿಟ್ ಪದ್ಧತಿ ತಂದಿತು. ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ನಮ್ಮ ಹೈಕಮಿಷನ್ ಕೊಟ್ಟ ಪರ್ಮಿಟ್ ಬೇಕು. ಕೆಲವು ದಿನದ ಭೇಟಿಗೆ ಒಂದು ಬಗೆ, ಕಾಯಂ ವಾಪಸಾತಿಗೆ ಇನ್ನೊಂದು. ಪಾಕಿಸ್ತಾನವೂ ಅದೇ ವರ್ಷ ತನ್ನದೊಂದು ನಿಯಮ ತಂದಿತು. ಪಾಸ್‌ಪೋರ್ಟ್-ವೀಸಾ ಪದ್ಧತಿ ಬಂದದ್ದು 1952ರ ಅಕ್ಟೋಬರ್‌ನಲ್ಲಿ.

ಈ ಪರ್ಮಿಟ್‌ಗಳಿಂದ ಹುಟ್ಟಿದ ಎರಡು ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಮೊದಲನೆಯದು 1954ರ ಇಬ್ರಾಹಿಂ ವಜೀರ್ ಮಾವತ್ ವಿರುದ್ಧ ಬಾಂಬೆ ರಾಜ್ಯ. ನಮ್ಮ ಠಾಣೆ ಜಿಲ್ಲೆಯೂ ಆಗ ಬಾಂಬೆ ರಾಜ್ಯದಲ್ಲೇ ಇತ್ತು. ಪರ್ಮಿಟ್ ನಿಯಮ ಮುರಿದಿದ್ದಾನೆ ಅಂತ ಸರ್ಕಾರಕ್ಕೆ ಅನ್ನಿಸಿದರೆ ಸಾಕು, ಅವನನ್ನು ದೇಶದಿಂದ ಹೊರಹಾಕಬಹುದು ಅಂತ 1949ರ ಕಾಯ್ದೆಯ 7ನೇ ಕಲಂ ಹೇಳುತ್ತಿತ್ತು. ಕೋರ್ಟ್ ಹೇಳಿದ್ದು: ನಾಗರಿಕನ ಮಟ್ಟಿಗೆ ಇದು ಸಂವಿಧಾನಕ್ಕೆ ವಿರುದ್ಧ. ಬರೀ ಸಂಶಯದ ಮೇಲೆ, ಅವನ ಮಾತು ಕೇಳದೆ, ನಾಗರಿಕನನ್ನು ಅವನ ದೇಶದಿಂದಲೇ ಕಳಿಸುವಂತಿಲ್ಲ.

ಎರಡನೆಯದು ಮರುವರ್ಷದ ಬಿಹಾರ ರಾಜ್ಯ ವಿರುದ್ಧ ಕುಮಾರ್ ಅಮರ್ ಸಿಂಗ್. ಇದರ ಮಧ್ಯದಲ್ಲಿ ಇರುವುದು ಒಬ್ಬ ಹೆಂಡತಿ. ಗಂಡ ಭಾರತ ಬಿಟ್ಟು ಹೋಗಿರಲೇ ಇಲ್ಲ. ಆಕೆ 1948ರ ಜುಲೈನಲ್ಲಿ ಕರಾಚಿಗೆ ಹೋದರು, ಚಿಕಿತ್ಸೆಗೆ ಅಂತ ಅವರ ವಾದ. ಡಿಸೆಂಬರ್‌ನಲ್ಲಿ ತಾತ್ಕಾಲಿಕ ಪರ್ಮಿಟ್ ಮೇಲೆ ಬಂದು, 1949ರ ಏಪ್ರಿಲ್‌ನಲ್ಲಿ ತಿರುಗಿ ಹೋದರು. 1950ರಲ್ಲಿ ಕಾಯಂ ವಾಪಸಾತಿಯ ಪರ್ಮಿಟ್ ಸಿಕ್ಕಿತು. ಸ್ವಲ್ಪ ಸಮಯದಲ್ಲೇ ಅದು ರದ್ದಾಯಿತು. ನನ್ನ ಗಂಡನ ನೆಲೆ ಭಾರತ, ಹಾಗಾಗಿ ನನ್ನದೂ ಭಾರತ ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಸಂವಿಧಾನದ 7ನೇ ವಿಧಿಯ ಪ್ರಕಾರ ಆಕೆ ವಲಸೆ ಹೋದವರು, ಮರಳಲು ಬೇಕಾದ ಪರ್ಮಿಟ್ ಈಗ ಇಲ್ಲ, ಕಥೆ ಅಲ್ಲಿಗೆ ಮುಗಿಯಿತು. ಆಕೆಯ ವಿರುದ್ಧ ನಿಂತದ್ದರಲ್ಲಿ ಆ ತಾತ್ಕಾಲಿಕ ಪರ್ಮಿಟ್ ಕೂಡ ಒಂದು. ಪಾಕಿಸ್ತಾನದಲ್ಲಿ ನೆಲೆಸಿದವರು ಅನ್ನುವ ಆಧಾರದ ಮೇಲೆ ಅದನ್ನು ಪಡೆಯಲಾಗಿತ್ತು.

ನಾನು ಪ್ರೋಗ್ರಾಮರ್. ಒಂದು ಫಾರ್ಮಿನಲ್ಲಿ ತುಂಬಿದ ಒಂದು ಫೀಲ್ಡ್ ವರ್ಷಗಳ ನಂತರ ಎಲ್ಲೋ ಬಂದು ಕಾಡುವುದನ್ನು ದಿನಾ ನೋಡ್ತೀನಿ. ಇಲ್ಲಿ ಕಾಡಿದ್ದು ಒಂದು ಸಂಸಾರವನ್ನು.

ಎರಡೂ ತೀರ್ಪನ್ನು ಕೂಡಿಸಿ ಓದಿದರೆ ಒಂದು ಗೆರೆ ಕಾಣುತ್ತೆ. ನಾಗರಿಕ ತನಗಾಗಿ ಕೇಳಿದಾಗ ಕೋರ್ಟ್ ಬಾಗಿಲು ತೆರೆಯಿತು. ಹೆಂಡತಿ ಅನ್ನುವ ನಂಟಿನ ಮೇಲೆ ಕೇಳಿದಾಗ ತೆರೆಯಲಿಲ್ಲ.

2024: ಅದೇ ಗೆರೆ, ವಾಷಿಂಗ್ಟನ್‌ನಲ್ಲಿ

ಅಮೆರಿಕದಲ್ಲಿ ಕಾನ್ಸುಲರ್ ಅಧಿಕಾರಿ ವೀಸಾ ನಿರಾಕರಿಸಿದರೆ ಕೋರ್ಟುಗಳು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಇದು ಬಹಳ ಹಳೆಯ ಸಿದ್ಧಾಂತ. ಮುನ್ಯೋಜ್ ಕೇಸಿನಲ್ಲಿ ಅದು ಮತ್ತೆ ಪರೀಕ್ಷೆಗೆ ಬಂತು. ಹೆಂಡತಿ ಅಮೆರಿಕದ ಪ್ರಜೆ, ಗಂಡ ಎಲ್ ಸಾಲ್ವಡಾರ್‌ನವರು, 2010ರಲ್ಲಿ ಮದುವೆ. ಗಂಡನ ಮೈಮೇಲಿನ ಹಚ್ಚೆಗಳನ್ನು ನೋಡಿ ಗ್ಯಾಂಗ್ ನಂಟಿನ ಸಂಶಯ ಬಂದದ್ದು ಅವರಿಗೆ ಗೊತ್ತಾಗುವಷ್ಟರಲ್ಲಿ ಕೇಸು ವರ್ಷಗಟ್ಟಲೆ ಎಳೆದಿತ್ತು. 2024ರ ಜೂನ್ 21ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಹೇಳಿತು: ಮದುವೆಯ ಹಕ್ಕು ಬೇರೆ, ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆತರುವ ಹಕ್ಕು ಬೇರೆ. ಎರಡನೆಯದು ಪ್ರಜೆಗೂ ಮೂಲಭೂತ ಹಕ್ಕಾಗಿ ಇಲ್ಲ. ಪ್ರಜೆಯ ಗಂಡನಿಗೇ ಹೀಗಾದರೆ ಎಚ್-1ಬಿ ಮೇಲಿರುವವರ ಸಂಸಾರದ ಗತಿ ಏನು ಅಂತ ನೀವೇ ಯೋಚಿಸಿ.

ಎಲ್ಲ ದೇಶಗಳೂ ಹೀಗಿಲ್ಲ. ಬ್ರಿಟನ್‌ನಲ್ಲಿ ಸಂಗಾತಿಯ ವೀಸಾ ನಿರಾಕರಣೆಗೆ ಮಾನವ ಹಕ್ಕಿನ ಆಧಾರದಲ್ಲಿ ಟ್ರಿಬ್ಯೂನಲ್‌ಗೆ ಮೇಲ್ಮನವಿ ಇದೆ. ಕೆನಡಾದಲ್ಲಿ ಕಾಯಂ ವಾಸಕ್ಕೆ ಕರೆಸಿಕೊಳ್ಳುವ ಸ್ಪಾನ್ಸರ್ ಸಾಮಾನ್ಯವಾಗಿ ಮೇಲ್ಮನವಿ ಹಾಕಬಹುದು. ಅವು ಇರುವುದು ಅಲ್ಲಿನ ಕಾನೂನು ಅಷ್ಟು ಜಾಗ ಬಿಟ್ಟಿರುವುದರಿಂದ.

ಕಾಗದವನ್ನು ಹೇಗೆ ಓದಬೇಕು

ನಾನು ವಕೀಲ ಅಲ್ಲ. ಆದರೆ ಈ ಇತಿಹಾಸ ಮೂರು ಮಾತು ಹೇಳುತ್ತೆ.

ಒಂದು, ಇದು ಯಾವ ‘ಇಲ್ಲ’ ಅಂತ ಮೊದಲು ನೋಡಿ. ಅಮೆರಿಕದ ಉದಾಹರಣೆಯಲ್ಲೇ ಹೇಳೋದಾದರೆ 221(ಜಿ) ಅಂದರೆ ದಾಖಲೆ ಅಥವಾ ಪರಿಶೀಲನೆ ಬಾಕಿ, ಅದು ಕೊನೆಯ ಮಾತಲ್ಲ. ಅಪ್ಪ-ಅಮ್ಮನ ವಿಸಿಟರ್ ವೀಸಾಗೆ ಬರುವ 214(ಬಿ)ಗೆ ಮೇಲ್ಮನವಿ ಇಲ್ಲ, ಆದರೆ ಮತ್ತೆ ಅರ್ಜಿ ಹಾಕಬಹುದು. ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಅನ್ನುವ 212(ಎ)(6)(ಸಿ) ಮಾತ್ರ ಜೀವನಪೂರ್ತಿ ಹಿಂದೆ ಬರುವಂಥದ್ದು. ಅದು ಬಂದರೆ ಏಜೆಂಟ್ ಹತ್ತಿರ ಅಲ್ಲ, ವಕೀಲರ ಹತ್ತಿರ ಹೋಗಿ.

ಎರಡು, ಪಿಟಿಷನ್ ಬೇರೆ, ವೀಸಾ ಬೇರೆ. ಗಂಡ ಅಥವಾ ಹೆಂಡತಿ ಹಾಕಿದ ಐ-130 ಅನ್ನು ಹಿಂಪಡೆಯಲು ಹೊರಟರೆ ಮೊದಲು ನೋಟಿಸ್ ಬರುತ್ತೆ, ಉತ್ತರಕ್ಕೆ ಗಡುವು ಇರುತ್ತೆ. ನಮ್ಮ ಮಾತು ಕೇಳುವ ಜಾಗ ಅದು. ಅದನ್ನು ತಪ್ಪಿಸಿಕೊಳ್ಳಬೇಡಿ.

ಮೂರು, ಎಲ್ಲ ಫಾರ್ಮ್‌ಗಳ ಪ್ರತಿ ಇಟ್ಟುಕೊಳ್ಳಿ. ಏಜೆಂಟ್ ತುಂಬಿದ್ದನ್ನೂ ಓದಿಯೇ ಸಹಿ ಹಾಕಿ. ಆ ತಾತ್ಕಾಲಿಕ ಪರ್ಮಿಟ್ ನೆನಪಿರಲಿ.

ಆಮೇಲೆ ಒಂದು ಭಾನುವಾರ ಆ ಹುಡುಗಿಯ ಮನೆಯಲ್ಲೇ ಕೂತು ಕಾಗದ ಬಿಡಿಸಿ ನೋಡಿದೆವು. ಅವಳದ್ದು ದಾಖಲೆ ಸಾಲದು ಅನ್ನುವ ಕಲಂ. ಒಂದು ಪಟ್ಟಿ ಮಾಡಿದೆವು. ವೀಸಾ ಇನ್ನೂ ಬಂದಿಲ್ಲ, ಬರುತ್ತೆ ಅಂತ ನಾನು ಭರವಸೆ ಕೊಡಲೂ ಇಲ್ಲ. ಎರಡನೇ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟೆ: “ನಿಮ್ಮ ಮದುವೆ ಸುಳ್ಳು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲಮ್ಮ. 1913ರಲ್ಲಿ ಕಸ್ತೂರಬಾ ಅವರಿಗೂ ಇದೇ ಆಗಿತ್ತು.”

“ಅವರು ಜೇಲಿಗೆ ಹೋದ್ರು, ನಾ ಝೆರಾಕ್ಸ್ ಅಂಗಡಿಗೆ ಹೋಗ್ತೀನಿ ಬಿಡ್ರಿ” ಅಂತ ನಕ್ಕಳು. ಆ ಪತ್ರ ಬಂದಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಿಮ್ಮ ಮನೆಯಲ್ಲೂ ಇಂಥ ಕಾಗದ ಇದ್ದರೆ ಇವತ್ತೇ ತೆಗೆದು ಕಲಂ ನಂಬರ್ ಓದಿ. ಮುಂದಿನ ವಾರ ಸಿಗೋಣ.